ಎಣ್ಣೆಯ ಹುಳಿ ಮೊದಲು, ಕ್ಯಾಟಲಿಸ್ಟ್ ಆಮೇಲೆ

(ಬಾಗಲಕೋಟೆಯಲ್ಲಿ ಗಾಣದವರು, ರೈತರು ಮತ್ತು ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊಂಗೆ, ಅಂದರೆ ನಮ್ಮ ಕಡೆಯ ಹುಲಗಲ, ಬೇವು, ಹಿಪ್ಪೆ ಇವುಗಳ ಎಣ್ಣೆಯಿಂದ ಬಯೋಡೀಸೆಲ್ ಮಾಡಬಹುದು ಎಂಬುದು ಇಲ್ಲಿ ಬಂದವರಿಗೆಲ್ಲ ಗೊತ್ತು. ಯಾವ ಕ್ಯಾಟಲಿಸ್ಟ್, ಅಂದರೆ ಕ್ರಿಯೆಗೆ ವೇಗ ಕೊಡುವ ವಸ್ತು, ಹಾಕಬೇಕು ಎಂದು ಕೇಳಲು ಬಂದಿದ್ದೀರಿ. ಅದಕ್ಕೆ ಉತ್ತರ ಎಣ್ಣೆಯಲ್ಲಿಯೇ ಇದೆ. ಎಣ್ಣೆಯಲ್ಲಿ ಹುಳಿ ಎಷ್ಟಿದೆ ಎಂದು ಅಳೆಯದೆ ಕ್ಯಾಟಲಿಸ್ಟ್ ಆರಿಸಿದರೆ ಡ್ರಮ್ಮಿನಲ್ಲಿ ಡೀಸೆಲ್ ಬದಲು ಸೋಪು ಸಿಗುತ್ತದೆ. ಹಾಗಾಗಿ ರಿಯಾಕ್ಟರ್ ಕೊಳ್ಳುವ ಮುಂಚೆ ಒಂದು ಬ್ಯುರೆಟ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ, ಕೊಳ್ಳಿ.

ಮೊದಲು ಕ್ರಿಯೆ ಏನೆಂದು ನೋಡೋಣ. ಎಣ್ಣೆಯ ಒಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲದ ಸರಪಳಿಗಳು ಒಂದು ಗ್ಲಿಸರಿನ್ ಬೆನ್ನೆಲುಬಿಗೆ ಅಂಟಿಕೊಂಡಿರುತ್ತವೆ. ಮೆಥನಾಲ್ ಎಂಬ ಆಲ್ಕೋಹಾಲ್‌ನ ಮೂರು ಅಣು ಬಂದು ಆ ಮೂರೂ ಸರಪಳಿಗಳನ್ನು ಬಿಡಿಸಿದರೆ ಮೂರು ಮಿಥೈಲ್ ಎಸ್ಟರ್, ಒಂದು ಗ್ಲಿಸರಿನ್ ಸಿಗುತ್ತವೆ. ಮಿಥೈಲ್ ಎಸ್ಟರೇ ಬಯೋಡೀಸೆಲ್. 40 ಡಿಗ್ರಿಯಲ್ಲಿ ಎಣ್ಣೆಯ ಸ್ನಿಗ್ಧತೆ, ಅಂದರೆ ಮಂದತನ, ಸುಮಾರು 40 ಸೆಂಟಿಸ್ಟೋಕ್ಸ್ ಇರುತ್ತದೆ. ಎಸ್ಟರ್ ಆದ ಮೇಲೆ ಅದು 4ರಿಂದ 6ರ ಆಸುಪಾಸಿಗೆ ಇಳಿಯುತ್ತದೆ, ಆಗ ಇಂಜೆಕ್ಟರ್ ಅದನ್ನು ಸರಿಯಾಗಿ ಸಿಂಪಡಿಸಬಲ್ಲದು. ಕ್ಯಾಟಲಿಸ್ಟ್ ಇಲ್ಲದೆಯೂ ಈ ಕ್ರಿಯೆ ನಡೆಯುತ್ತದೆ. ಆದರೆ ಅದಕ್ಕೆ ಮೆಥನಾಲನ್ನು 239 ಡಿಗ್ರಿ, 81 ಬಾರ್ ಒತ್ತಡದ ಆಚೆಗೆ ಒಯ್ಯಬೇಕು. ಕ್ಯಾಟಲಿಸ್ಟ್ ಇದ್ದರೆ ಅದೇ ಕೆಲಸ 60 ಡಿಗ್ರಿಯಲ್ಲಿ, ಮಾಮೂಲು ಒತ್ತಡದಲ್ಲಿ, ಒಂದು ತಾಸಿನಲ್ಲಿ ಮುಗಿಯುತ್ತದೆ.

ಹುಳಿ ಎಲ್ಲಿಂದ ಬರುತ್ತದೆ, ಅಳೆಯುವುದು ಹೇಗೆ

ಬೀಜದಲ್ಲಿಯೇ ಲೈಪೇಸ್ ಎಂಬ ಕಿಣ್ವ ಇದೆ. ಬೀಜಕ್ಕೆ ತೇವ ತಾಗಿದರೆ ಅದು ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲವನ್ನು ಬಿಡಿ ಬಿಡಿಯಾಗಿ ಮಾಡುತ್ತದೆ. ಇದನ್ನೇ ಮುಕ್ತ ಕೊಬ್ಬಿನಾಮ್ಲ, ಎಫ್‌ಎಫ್‌ಎ ಎನ್ನುತ್ತೇವೆ. ಹುಲಗಲದ ಕಾಯಿ ಬೇಸಿಗೆಯಲ್ಲಿ ಸಿಗುವುದರಿಂದ ಒಣಗಿಸುವುದು ಸುಲಭ. ಬೇವಿನ ಹಣ್ಣು ಉದುರುವುದು ಮುಂಗಾರಿನ ಹೊಸ್ತಿಲಲ್ಲಿ. ತಿರುಳು ತೊಳೆಯದೆ ಗೋಣಿಚೀಲದಲ್ಲಿ ತುಂಬಿಟ್ಟರೆ ಬೀಜ ಬೂಸ್ಟು ಹಿಡಿಯುತ್ತದೆ, ಅಂಥ ಎಣ್ಣೆಯಲ್ಲಿ ಎಫ್‌ಎಫ್‌ಎ ಶೇ. 15-20 ಮುಟ್ಟಿದರೂ ಆಶ್ಚರ್ಯವಿಲ್ಲ. ಹೊಸದಾಗಿ ಹಿಂಡಿದ ಒಳ್ಳೆಯ ಹುಲಗಲದ ಎಣ್ಣೆಯಲ್ಲಿ ಅದು ಶೇ. 2-3 ಇರಬಹುದು. ಒಂದೇ ಗಾಣದ ಎರಡು ಡಬ್ಬಿಗಳಿಗೂ ವ್ಯತ್ಯಾಸ ಇರುತ್ತದೆ. ಆದ್ದರಿಂದ ಪ್ರತಿ ಡಬ್ಬಿಗೂ ಪರೀಕ್ಷೆ ಬೇಕು.

ಪರೀಕ್ಷೆಗೆ ಲೆಕ್ಕವೇ ಬೇಡದ ಒಂದು ಹಾದಿ ಇದೆ. ಎಣ್ಣೆಯನ್ನು 2.82 ಗ್ರಾಂ ತೂಗಿಕೊಳ್ಳಿ. 50 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಸ್ವಲ್ಪ ಬಿಸಿ ಮಾಡಿ ಕರಗಿಸಿ. ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ ಫಿನಾಲ್ಫ್‌ಥಲೀನ್ ನಾಲ್ಕು ಹನಿ ಹಾಕಿ. ಬ್ಯುರೆಟ್ಟಿನಿಂದ 0.1 ನಾರ್ಮಲ್ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು, ಅಂದರೆ ಲೀಟರಿಗೆ 5.6 ಗ್ರಾಂ ಇರುವುದನ್ನು, ಹನಿಹನಿಯಾಗಿ ಬಿಡಿ. ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಂತರೆ ನಿಲ್ಲಿಸಿ. ಎಷ್ಟು ಮಿಲಿ ಖರ್ಚಾಯಿತೋ ಅಷ್ಟೇ ಶೇಕಡಾ ಎಫ್‌ಎಫ್‌ಎ. 4 ಮಿಲಿ ಆದರೆ ಶೇ. 4. ಆಲ್ಕೋಹಾಲ್‌ನಲ್ಲಿಯೇ ಸ್ವಲ್ಪ ಹುಳಿ ಇರುತ್ತದೆ, ಅದನ್ನು ಮೊದಲೇ ಎರಡು ಹನಿ ಕ್ಷಾರದಿಂದ ತಟಸ್ಥ ಮಾಡಿಕೊಳ್ಳಬೇಕು. ಹುಲಗಲದ ಎಣ್ಣೆಯದು ಗಾಢ ಕಂದು ಬಣ್ಣ, ಕ್ಷಾರ ತಾಗಿದರೆ ಇನ್ನಷ್ಟು ಕೆಂಪಾಗುತ್ತದೆ, ಗುಲಾಬಿ ಕಾಣುವುದು ಕಷ್ಟ. ಅಂಥಲ್ಲಿ ಎಣ್ಣೆಯನ್ನು ಅರ್ಧಕ್ಕೆ, 1.41 ಗ್ರಾಂಗೆ, ಇಳಿಸಿ ಬಂದ ಅಂಕಿಯನ್ನು ಎರಡರಿಂದ ಗುಣಿಸಿ.

ಶೇ. 2ರೊಳಗೆ ಬಂದರೆ ನೇರವಾಗಿ ಕ್ಷಾರದ ದಾರಿ. ಅದಕ್ಕಿಂತ ಹೆಚ್ಚಾದರೆ ಮೊದಲು ಆಮ್ಲದ ದಾರಿ, ಆಮೇಲೆ ಕ್ಷಾರ. ಮುಂದೆ ಹೇಳುವುದೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿದೆ.

ಕ್ಷಾರದ ದಾರಿ

ಕಾಸ್ಟಿಕ್ ಪೊಟ್ಯಾಶ್ (ಪರೀಕ್ಷೆಗೆ ಬಳಸಿದ ಪೊಟ್ಯಾಶಿಯಂ ಹೈಡ್ರಾಕ್ಸೈಡೇ, ಮುಂದೆ ಬರೀ ಪೊಟ್ಯಾಶ್ ಎನ್ನುತ್ತೇವೆ) ಇಲ್ಲವೇ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಅಗ್ಗ, ವೇಗವೂ ಹೆಚ್ಚು. ಆಮ್ಲದ ಕ್ಯಾಟಲಿಸ್ಟಿಗಿಂತ ಸುಮಾರು 4000 ಪಟ್ಟು ವೇಗ ಎಂದು ಹೇಳುವುದುಂಟು. ಮೆಥನಾಲಿನಲ್ಲಿ ಕರಗಿದಾಗ ಮೆಥಾಕ್ಸೈಡ್ ಆಗುತ್ತದೆ. ನಿಜವಾದ ಕ್ಯಾಟಲಿಸ್ಟ್ ಅದೇ.

100 ಕೆಜಿ ಹುಲಗಲದ ಎಣ್ಣೆಗೆ ಲೆಕ್ಕ ಹಾಕೋಣ. ಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ. ಒಂದು ಮೋಲ್ ಎಣ್ಣೆಗೆ ಸಿದ್ಧಾಂತದ ಪ್ರಕಾರ 3 ಮೋಲ್ ಮೆಥನಾಲ್ ಸಾಕು. ಆದರೆ ಕ್ರಿಯೆ ಹಿಂದೆ ಮುಂದೆ ಎರಡೂ ಕಡೆ ಓಡುವಂಥದ್ದು, ಮುಂದಕ್ಕೆ ತಳ್ಳಲು 6 ಮೋಲ್ ಹಾಕುತ್ತೇವೆ. ಅದು ಸುಮಾರು 22 ಕೆಜಿ, 27-28 ಲೀಟರ್. ಶುದ್ಧ ಪೊಟ್ಯಾಶ್ ಎಣ್ಣೆಯ ಶೇ. 1ರಷ್ಟು, ಅಂದರೆ 1 ಕೆಜಿ. ಅಂಗಡಿಯಲ್ಲಿ ಸಿಗುವ ಕಣಗಳಲ್ಲಿ ಸಾಮಾನ್ಯವಾಗಿ ಶೇ. 85 ಮಾತ್ರ ಪೊಟ್ಯಾಶ್, ಉಳಿದದ್ದು ಹೆಚ್ಚಿನಂಶ ನೀರು. ಆದ್ದರಿಂದ ತೂಗಬೇಕಾದದ್ದು ಸುಮಾರು 1.18 ಕೆಜಿ. ಇದನ್ನು ಮರೆತವರಿಗೆ ಕ್ರಿಯೆ ಅರ್ಧಕ್ಕೆ ನಿಲ್ಲುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.

ಇದರ ಮೇಲೆ ಹುಳಿಯ ತೆರಿಗೆ ಇದೆ. 100 ಕೆಜಿ ಎಣ್ಣೆಯಲ್ಲಿನ ಪ್ರತಿ ಶೇ. 1 ಎಫ್‌ಎಫ್‌ಎ ಸುಮಾರು 200 ಗ್ರಾಂ ಶುದ್ಧ ಪೊಟ್ಯಾಶನ್ನು ತಿಂದು 1.1 ಕೆಜಿಗಿಂತ ಹೆಚ್ಚು ಸೋಪು ಮಾಡುತ್ತದೆ, ಜತೆಗೆ 64 ಗ್ರಾಂ ನೀರು ಹುಟ್ಟಿಸುತ್ತದೆ. ಶೇ. 1 ಇದ್ದರೆ 200 ಗ್ರಾಂ ಹೆಚ್ಚಿಗೆ ಹಾಕಿ ಮುಂದುವರಿಯಬಹುದು. ಶೇ. 5 ಇದ್ದರೆ ಕ್ಯಾಟಲಿಸ್ಟಿನ ಖರ್ಚು ಇಮ್ಮಡಿಯಾಗಿ ಐದೂವರೆ ಕೆಜಿಗೂ ಹೆಚ್ಚು ಸೋಪು ಬರುತ್ತದೆ. ಸೋಪು ಸುಮ್ಮನೆ ಕೂರುವುದಿಲ್ಲ, ಎಸ್ಟರನ್ನೂ ಗ್ಲಿಸರಿನ್ನನ್ನೂ ಬೆಸೆದು ಎರಡೂ ಬೇರೆಯಾಗದಂತೆ ಮಾಡುತ್ತದೆ. ಹುಟ್ಟಿದ ನೀರು ಎಸ್ಟರನ್ನು ಮತ್ತೆ ಒಡೆದು ಇನ್ನಷ್ಟು ಸೋಪಿಗೆ ದಾರಿ ಮಾಡುತ್ತದೆ. ಹೆಚ್ಚು ಕ್ಷಾರ ಸುರಿದು ಹುಳಿಯನ್ನು ಗೆಲ್ಲುತ್ತೇನೆ ಎಂದು ಹೊರಟವರು ಈ ಸುಳಿಯಲ್ಲಿಯೇ ಸಿಕ್ಕಿಕೊಳ್ಳುತ್ತಾರೆ.

ಕೆಲಸದ ಕ್ರಮ ಹೀಗಿದೆ. ಎಣ್ಣೆಯನ್ನು ಸೋಸಿ 105-110 ಡಿಗ್ರಿಗೆ ಕಾಯಿಸಿ ನೀರು ಹಾರಿಸಿ. ಅಂಟು ಹೆಚ್ಚಿದ್ದರೆ ಅದಕ್ಕೂ ಮೊದಲು ಬಿಸಿನೀರು ಮತ್ತು ತುಸು ಫಾಸ್ಫೋರಿಕ್ ಆಮ್ಲ ಬೆರೆಸಿ ತಳಕ್ಕೆ ಕೂರಿಸಿ ತೆಗೆಯಿರಿ. ಎಣ್ಣೆ 60 ಡಿಗ್ರಿಗೆ ಇಳಿಯುವವರೆಗೆ ಕಾಯಲೇಬೇಕು. ಮೆಥನಾಲ್ ಕುದಿಯುವುದು 64.7 ಡಿಗ್ರಿಯಲ್ಲಿ, ಬಿಸಿ ಎಣ್ಣೆಗೆ ಸುರಿದರೆ ಆವಿ ಎದ್ದು ಮೂಗಿಗೆ ಬಡಿಯುತ್ತದೆ. ಪೊಟ್ಯಾಶನ್ನು ಮೆಥನಾಲಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿ, ಆಗ ಬಿಸಿ ಹುಟ್ಟುತ್ತದೆ. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ. ಕ್ಷಾರ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆಗಲಿ, ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಆಗಲಿ ಆಗುತ್ತದೆ.

ದ್ರಾವಣದ ನೂರರಲ್ಲಿ 80 ಭಾಗವನ್ನು ಮೊದಲು ಹಾಕಿ, ಮುಚ್ಚಿದ ಪಾತ್ರೆಯಲ್ಲಿ ಆವಿಯನ್ನು ತಂಪಾಗಿಸಿ ದ್ರವ ಮಾಡುವ ಕಂಡೆನ್ಸರ್ ಜೋಡಿಸಿ ಒಂದು ತಾಸು ಜೋರಾಗಿ ಕಲಕಿ. ಎಣ್ಣೆ, ಮೆಥನಾಲ್ ಒಂದಕ್ಕೊಂದು ಬೆರೆಯುವ ಜಾತಿಯಲ್ಲ, ಮೊದಲ ಹತ್ತು ನಿಮಿಷ ಕಲಕುವುದರ ಮೇಲೆಯೇ ಎಲ್ಲ ನಿಂತಿದೆ. ಗ್ಲಿಸರಿನ್ ತಳಕ್ಕೆ ಇಳಿದ ಮೇಲೆ ಅದನ್ನು ತೆಗೆದು, ಉಳಿದ 20 ಭಾಗ ಹಾಕಿ ಮತ್ತೆ ಅರ್ಧ ತಾಸು ಕಲಕಿ. ಗ್ಲಿಸರಿನ್ ಹೊರಗೆ ಹೋದದ್ದರಿಂದ ಕ್ರಿಯೆ ಇನ್ನಷ್ಟು ಮುಂದೆ ಸಾಗುತ್ತದೆ. ಆಮೇಲೆ ರಾತ್ರಿಯಿಡೀ ನಿಲ್ಲಲು ಬಿಡಿ. ಒಟ್ಟು ಸುಮಾರು 10 ಕೆಜಿ ಗ್ಲಿಸರಿನ್ ಹುಟ್ಟುತ್ತದೆ, ತಳದ ಪದರದಲ್ಲಿ ಅದರ ಜತೆ ಮೆಥನಾಲ್, ಪೊಟ್ಯಾಶ್, ಸೋಪು ಸೇರಿರುತ್ತವೆ.

ತೊಳೆಯುವ ನೀರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಬೋರ್‌ವೆಲ್ ನೀರು ಬಹುತೇಕ ಗಡಸು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಸ್ಟರಿನೊಳಗಿನ ಪೊಟ್ಯಾಶ್ ಸೋಪಿಗೆ ಸೇರಿ ನೀರಿನಲ್ಲಿ ಕರಗದ ಜಿಗುಟು ಸೋಪು ಮಾಡುತ್ತವೆ. ಅದು ಡೀಸೆಲಿನಲ್ಲಿ ಉಳಿದು ಫಿಲ್ಟರ್ ಕಟ್ಟುತ್ತದೆ. ಭಾರತೀಯ ಮಾನಕ ಐಎಸ್ 15607ರ ಪ್ರಕಾರ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿ ಕೆಜಿಗೆ 5 ಮಿಲಿಗ್ರಾಂ ಮೀರುವಂತಿಲ್ಲ. 100 ಕೆಜಿ ಬಯೋಡೀಸೆಲಿಗೆ ಅದು ಅರ್ಧ ಗ್ರಾಂ ಮಾತ್ರ! ಮಳೆ ನೀರು, ಆರ್‌ಒ ನೀರು, ಸಾಫ್ಟನರ್ ನೀರು ಯಾವುದಾದರೂ ಸರಿ, ಗಡಸು ನೀರು ಬೇಡ. ಮೊದಲ ತೊಳೆತದಲ್ಲಿ ಬೆಚ್ಚಗಿನ ನೀರನ್ನು ಮೇಲಿನಿಂದ ಹನಿಸಿ, ಕಲಕಬೇಡಿ. ಹಾಲಿನಂತೆ ಬೆರೆತುಹೋದರೆ 60 ಡಿಗ್ರಿಗೆ ಕಾಯಿಸಿ ತುಸು ಸಿಟ್ರಿಕ್ ಆಮ್ಲ ಇಲ್ಲವೇ ಉಪ್ಪು ಹಾಕಿದರೆ ಒಡೆಯುತ್ತದೆ.

ಕ್ರಿಯೆ ಮುಗಿದಿದೆಯೇ ಎಂದು ನೋಡಲು ಅಗ್ಗದ ಪರೀಕ್ಷೆ ಇದೆ. ತೊಳೆದು ಒಣಗಿಸಿದ 3 ಮಿಲಿ ಬಯೋಡೀಸೆಲನ್ನು 27 ಮಿಲಿ ಮೆಥನಾಲಿಗೆ ಹಾಕಿ ಅಲುಗಾಡಿಸಿ, 20-22 ಡಿಗ್ರಿ ತಂಪಿನಲ್ಲಿ ಬಿಡಿ. ಪೂರ್ತಿ ಕರಗಿದರೆ ಸರಿ. ತಳದಲ್ಲಿ ಎಣ್ಣೆಯ ಹನಿ ನಿಂತರೆ ಎಣ್ಣೆ ಇನ್ನೂ ಉಳಿದಿದೆ, ಮತ್ತೆ ಮೆಥಾಕ್ಸೈಡ್ ಬೇಕು.

ಹುಳಿ ಹೆಚ್ಚಿದ್ದರೆ ಮೊದಲು ಆಮ್ಲ

ಸಲ್ಫ್ಯೂರಿಕ್ ಆಮ್ಲ ಎಣ್ಣೆಯ ಮೇಲೆ ನಿಧಾನ, ಆದರೆ ಮುಕ್ತ ಕೊಬ್ಬಿನಾಮ್ಲದ ಮೇಲೆ ಚುರುಕು. ಈ ಗುಣದಿಂದಲೇ ಎರಡು ಹಂತದ ವಿಧಾನ ಹುಟ್ಟಿತು: ಮೊದಲು ಹುಳಿಯನ್ನೇ ಎಸ್ಟರ್ ಮಾಡು, ಆಮೇಲೆ ಉಳಿದ ಎಣ್ಣೆಗೆ ಕ್ಷಾರ ಹಾಕು. ಹುಳಿಯನ್ನು ಸೋಪು ಮಾಡಿ ಚೆಲ್ಲುವ ಬದಲು ಅದೂ ಡೀಸೆಲ್ ಆಗುತ್ತದೆ.

ಪ್ರತಿ ಗ್ರಾಂ ಎಫ್‌ಎಫ್‌ಎಗೆ 2.25 ಗ್ರಾಂ ಮೆಥನಾಲ್, 0.05 ಗ್ರಾಂ ಸಲ್ಫ್ಯೂರಿಕ್ ಆಮ್ಲ, ಇದು ಎಲ್ಲೆಡೆ ಬಳಕೆಯಲ್ಲಿರುವ ಅಳತೆ. 100 ಕೆಜಿ ಬೇವಿನೆಣ್ಣೆಯಲ್ಲಿ ಶೇ. 15 ಇದ್ದರೆ ಸುಮಾರು 34 ಕೆಜಿ ಮೆಥನಾಲ್ ಮತ್ತು 750 ಗ್ರಾಂ ಆಮ್ಲ, ಅಂದರೆ ಸುಮಾರು 410 ಮಿಲಿ. ಆಮ್ಲವನ್ನು ತಣ್ಣಗಿನ ಮೆಥನಾಲಿಗೆ ನಿಧಾನವಾಗಿ ಸೇರಿಸಿ. 60 ಡಿಗ್ರಿಯಲ್ಲಿ ಒಂದೆರಡು ತಾಸು ಕಲಕಿ. ಈ ಹಂತದಲ್ಲಿ ಸುಮಾರು 950 ಗ್ರಾಂ ನೀರು ಹುಟ್ಟುತ್ತದೆ. ಆ ನೀರೇ ಕ್ರಿಯೆಯನ್ನು ನಡುವೆ ನಿಲ್ಲಿಸುತ್ತದೆ. ಎಷ್ಟು ತಾಸು ಕಲಕಿದರೂ ಶೇ. 4ಕ್ಕಿಂತ ಕೆಳಗೆ ಇಳಿಯುತ್ತಿಲ್ಲ ಎಂದರೆ ಕಾರಣ ಸಮಯವಲ್ಲ, ನೀರು. ನಿಲ್ಲಲು ಬಿಟ್ಟರೆ ಮೆಥನಾಲ್, ನೀರು, ಆಮ್ಲ ಮೂರೂ ಸೇರಿದ ಪದರ ಮೇಲೆ ತೇಲುತ್ತದೆ. ಅದನ್ನು ತೆಗೆದು, ಉಳಿದ ಹುಳಿಗೆ ತಕ್ಕಷ್ಟು ಹೊಸ ಮೆಥನಾಲ್, ಹೊಸ ಆಮ್ಲ ಹಾಕಿ ಎರಡನೇ ಸುತ್ತು ಮಾಡಿ. ತೆಗೆದ ಮೆಥನಾಲನ್ನು ಬಟ್ಟಿ ಇಳಿಸಿ ಮತ್ತೆ ಬಳಸಬಹುದು, ಬಳಸಲೇಬೇಕು, ಇಲ್ಲದಿದ್ದರೆ ಖರ್ಚು ಕೈಗೆ ಹತ್ತುವುದಿಲ್ಲ.

ಕ್ಷಾರದ ಹಂತಕ್ಕೆ ಹೋಗುವ ಮುಂಚೆ ಮತ್ತೊಮ್ಮೆ ಟೈಟ್ರೇಶನ್, ಅಂದರೆ ಮೊದಲು ಹೇಳಿದ ಬ್ಯುರೆಟ್ ಪರೀಕ್ಷೆ, ಮಾಡಿ. ಎಣ್ಣೆಯಲ್ಲಿ ಉಳಿದ ಪ್ರತಿ ಗ್ರಾಂ ಸಲ್ಫ್ಯೂರಿಕ್ ಆಮ್ಲ 1.14 ಗ್ರಾಂ ಪೊಟ್ಯಾಶನ್ನು ನುಂಗುತ್ತದೆ. ಈ ಟೈಟ್ರೇಶನ್ ಎರಡೂ ಹುಳಿಗಳನ್ನು ಒಟ್ಟಿಗೆ ಅಳೆಯುವುದರಿಂದ ಬೇರೆ ಲೆಕ್ಕ ಬೇಡ. ಕಬ್ಬಿಣದ ಡ್ರಮ್ಮು ಈ ಹಂತಕ್ಕೆ ಆಗುವುದಿಲ್ಲ. ನೀರು ಬೆರೆತ ಆಮ್ಲ ಅದನ್ನು ಕೊರೆಯುತ್ತದೆ. ಗಾಜಿನ ಒಳಪದರದ ಪಾತ್ರೆಯೇ ಭದ್ರ.

ಬೇವಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅದರ ವಾಸನೆಗೆ ಕಾರಣವಾದ ಗಂಧಕದ ಸಂಯುಕ್ತಗಳನ್ನು ಇಲ್ಲಿ ಹೇಳುವ ಯಾವ ಕ್ಯಾಟಲಿಸ್ಟೂ ತೆಗೆಯುವುದಿಲ್ಲ. ಪಂಪಿನಲ್ಲಿ ಮಾರುವ ಗುಣಮಟ್ಟಕ್ಕೆ ಒಯ್ಯುವ ಆಸೆ ಇದ್ದರೆ ಹುಲಗಲದಿಂದ ಶುರು ಮಾಡಿ. ಹಿಪ್ಪೆಯ ತೊಂದರೆ ಬೇರೆ: ಅದರಲ್ಲಿ ಸಂತೃಪ್ತ ಕೊಬ್ಬು ಹೆಚ್ಚು, ಬೆಳಗಾವಿಯ ಚಳಿಗೆ ಅದರ ಎಸ್ಟರ್ ಮಬ್ಬಾಗಿ ಗಟ್ಟಿಯಾಗತೊಡಗುತ್ತದೆ.

ಲೋಕಾಪುರದ ಸುಣ್ಣ

ಕರಗುವ ಕ್ಷಾರದ ದೊಡ್ಡ ಕೊರತೆ ಎಂದರೆ ಅದು ಒಂದೇ ಸಲಕ್ಕೆ ಮುಗಿಯುತ್ತದೆ, ತೊಳೆಯಲು ಬಹಳ ನೀರು ಬೇಡುತ್ತದೆ. ಘನ ಕ್ಯಾಟಲಿಸ್ಟ್ ಆದರೆ ಸೋಸಿ ತೆಗೆದು ಮತ್ತೆ ಬಳಸಬಹುದು. ನಮ್ಮ ಜಿಲ್ಲೆಯವರಿಗೆ ಮೊದಲು ಹೊಳೆಯುವುದು ಸುಣ್ಣ. ಲೋಕಾಪುರದ ಸುತ್ತ ಕಲಾದಗಿ ಶಿಲಾಸಮೂಹದ ಸುಣ್ಣದ ಕಲ್ಲು ಬೇಕಾದಷ್ಟಿದೆ. 100 ಕೆಜಿ ಶುದ್ಧ ಕಲ್ಲು ಸುಟ್ಟರೆ 56 ಕೆಜಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಸಿಗುತ್ತದೆ. ಅದು ಒಳ್ಳೆಯ ಘನ ಕ್ಷಾರ.

ಆದರೆ ಭಟ್ಟಿಯಿಂದ ತಂದ ಸುಣ್ಣವನ್ನು ಹಾಗೆಯೇ ಹಾಕಿದರೆ ಏನೂ ಆಗುವುದಿಲ್ಲ. ಕಾರಣಗಳು ಹಲವು. ಒಳಗೆ ಬೇಯದ ಕಲ್ಲು ಇರುತ್ತದೆ, ಆಮ್ಲದ ಹನಿ ಹಾಕಿದಾಗ ಜೋರಾಗಿ ನೊರೆ ಬಂದರೆ ಅದು ಗೊತ್ತಾಗುತ್ತದೆ. ಅತಿಯಾಗಿ ಬೆಂದ ತುಂಡಿನ ರಂಧ್ರಗಳು ಮುಚ್ಚಿಹೋಗಿರುತ್ತವೆ, ಅದು ನೀರಿನಲ್ಲಿಯೂ ಬೇಗ ಅರಳುವುದಿಲ್ಲ. ಇಲ್ಲಿನ ಕೆಲವು ಪದರಗಳು ಡಾಲೊಮೈಟ್, ಅದರಲ್ಲಿನ ಮೆಗ್ನೀಸಿಯಂ ಆಕ್ಸೈಡ್ 65 ಡಿಗ್ರಿಯಲ್ಲಿ ದುರ್ಬಲ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಯಲ್ಲಿಟ್ಟ ಸುಣ್ಣ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಮೇಲ್ಮೈಯಲ್ಲಿ ಮತ್ತೆ ಕಲ್ಲಾಗುತ್ತದೆ. ಕೆಲಸ ಮಾಡುವುದು ಮೇಲ್ಮೈಯೇ, ಅದೇ ಸತ್ತರೆ ಒಳಗಿನದರಿಂದ ಉಪಯೋಗವಿಲ್ಲ.

ಆದ್ದರಿಂದ ನುಣ್ಣಗೆ ಪುಡಿ ಮಾಡಿ ಮಫಲ್ ಫರ್ನೇಸ್ ಎಂಬ ಮುಚ್ಚಿದ ಕುಲುಮೆಯಲ್ಲಿ 900 ಡಿಗ್ರಿಯಲ್ಲಿ 3-4 ತಾಸು ಮತ್ತೆ ಸುಡಬೇಕು. ಕೋಳಿಮೊಟ್ಟೆಯ ಸಿಪ್ಪೆಗೂ ಇದೇ ಕ್ರಮ, ಅದೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಬಿಸಿ ಆರುವಾಗಲೇ ಗಾಳಿಯಾಡದ ಡಬ್ಬಿಗೆ ಹಾಕಿ, ಆದಷ್ಟು ಬೇಗ ಬಳಸಿ. 100 ಕೆಜಿ ಎಣ್ಣೆಗೆ 3ರಿಂದ 5 ಕೆಜಿ ಸುಣ್ಣ, ಪ್ರತಿ ಮೋಲ್ ಎಣ್ಣೆಗೆ 12 ಮೋಲ್ ಮೆಥನಾಲ್, 60-65 ಡಿಗ್ರಿಯಲ್ಲಿ ಮೂರು ತಾಸು. ಎಣ್ಣೆ ಸೇರಿಸುವ ಮುಂಚೆ ಸುಣ್ಣವನ್ನು ಮೆಥನಾಲಿನೊಂದಿಗೇ ಅರ್ಧ ತಾಸು ಬೆಚ್ಚಗೆ ಕಲಕಿದರೆ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ಮೆಥಾಕ್ಸೈಡ್ ಹುಟ್ಟಿ ಕ್ರಿಯೆ ಬೇಗ ಹಿಡಿಯುತ್ತದೆ.

ಸುಣ್ಣಕ್ಕೆ ಹುಳಿ ಎಣ್ಣೆ ಎಂದರೆ ಆಗಿಬರುವುದಿಲ್ಲ. ಶೇ. 1ಕ್ಕಿಂತ ಹೆಚ್ಚಿದ್ದರೆ ಕ್ಯಾಲ್ಸಿಯಂ ಸೋಪು ಕಣಗಳ ಮೇಲೆ ಮೇಣದಂತೆ ಕೂರುತ್ತದೆ, ಸೋಸುವ ಬಟ್ಟೆ ಕಟ್ಟಿಕೊಳ್ಳುತ್ತದೆ. ಜತೆಗೆ ಸುಣ್ಣ ತುಸು ಕರಗಿ ಎಸ್ಟರಿಗೆ ಇಳಿಯುತ್ತದೆ. ಮುಂಚೆ ಹೇಳಿದ 100 ಕೆಜಿಗೆ ಅರ್ಧ ಗ್ರಾಂ ಎಂಬ ಮಿತಿಯನ್ನು ಅದು ಸುಲಭವಾಗಿ ದಾಟುತ್ತದೆ. ಸಿಟ್ರಿಕ್ ಆಮ್ಲದ ನೀರಿನಿಂದ ತೊಳೆಯಬೇಕು, ಇಲ್ಲವೇ ಅಯಾನ್ ವಿನಿಮಯ ರೆಸಿನ್ ಮೂಲಕ ಹಾಯಿಸಬೇಕು. ನೀರು ಉಳಿಸಲು ಸುಣ್ಣ ತಂದವರಿಗೆ ಮತ್ತೆ ನೀರಿನ ಖರ್ಚು ಬೀಳುತ್ತದೆ. ಸುಣ್ಣದಿಂದ ಪ್ರಯೋಗ ಮಾಡುವ ವಿದ್ಯಾರ್ಥಿಗಳು ಇಳುವರಿ ಎಷ್ಟು ಎಂದು ಬರೆದು ನಿಲ್ಲಿಸಬಾರದು, ಎಸ್ಟರಿನಲ್ಲಿ ಕ್ಯಾಲ್ಸಿಯಂ ಎಷ್ಟು ಉಳಿಯಿತು ಎಂದೂ ಬರೆಯಬೇಕು. ಅದಿಲ್ಲದ ಶೇ. 95ರ ಇಳುವರಿಯಿಂದ ಎಂಜಿನಿಗೆ ಏನೂ ತಿಳಿಯುವುದಿಲ್ಲ.

ಕಬ್ಬಿನ ಸಿಪ್ಪೆಯ ಇದ್ದಿಲು

ಹುಳಿ ಎಣ್ಣೆಗೆ ತಕ್ಕ ಘನ ಕ್ಯಾಟಲಿಸ್ಟ್ ಎಂದರೆ ಘನ ಆಮ್ಲ. 2005ರಲ್ಲಿ ಟೋಕಿಯೋ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು ಸಕ್ಕರೆಯನ್ನೇ ಅರೆಬರೆ ಇದ್ದಿಲು ಮಾಡಿ, ಅದಕ್ಕೆ ಸಲ್ಫೋನಿಕ್ ಆಮ್ಲದ ಗುಂಪುಗಳನ್ನು ಕೂಡಿಸಿ ಬಯೋಡೀಸೆಲಿಗೆ ಬಳಸಿ ತೋರಿಸಿದರು. ಆಮೇಲೆ ಅದೇ ದಾರಿಯಲ್ಲಿ ಕಬ್ಬಿನ ಸಿಪ್ಪೆ, ಹೊಟ್ಟು, ಹಿಂಡಿ ಎಲ್ಲದರ ಮೇಲೂ ಕೆಲಸ ನಡೆದಿದೆ. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಗಳ ನಡುವೆ ಕೂತಿರುವ ನಮಗೆ ಕಚ್ಚಾ ಮಾಲಿಗೆ ಬರವಿಲ್ಲ. ಒಂದು ಗೊಂದಲ ಇಲ್ಲೇ ಬಿಡಿಸಬೇಕು: ಬಾಯ್ಲರಿನಿಂದ ಬರುವ ಬೂದಿಯಲ್ಲ, ಸುಡದ ಸಿಪ್ಪೆ ಬೇಕು. ಬೂದಿ ಬಹುಪಾಲು ಸಿಲಿಕಾ, ಅದರಲ್ಲಿ ಆಮ್ಲ ಗುಂಪು ಕೂರಲು ಇಂಗಾಲವೇ ಉಳಿದಿರುವುದಿಲ್ಲ.

ಸಿಪ್ಪೆಯನ್ನು 105 ಡಿಗ್ರಿಯಲ್ಲಿ ಒಣಗಿಸಿ ಪುಡಿ ಮಾಡಿ, ನೈಟ್ರೋಜನ್ ಹರಿವಿನಲ್ಲಿ 400 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಬೇಕು. ಹೆಚ್ಚು ಬಿಸಿ ಮಾಡಿದರೆ ಇಂಗಾಲದ ಹಾಳೆಗಳು ದೊಡ್ಡದಾಗಿ ಬಿಗಿದು ಆಮ್ಲದ ಗುಂಪು ಅಂಟುವ ಅಂಚುಗಳು ಕಡಿಮೆಯಾಗುತ್ತವೆ. ಆಮೇಲೆ ಗ್ರಾಂಗೆ 10-20 ಮಿಲಿ ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ 150 ಡಿಗ್ರಿಯಲ್ಲಿ ಹತ್ತಾರು ತಾಸು. ಇದು ಫ್ಯೂಮ್ ಹುಡ್, ಅಂದರೆ ಹೊಗೆ ಹೀರುವ ಗೂಡು, ಇರುವ ಪ್ರಯೋಗಾಲಯದ ಕೆಲಸ. ಗಾಣದ ಹಿಂದಿನ ಶೆಡ್ಡಿನಲ್ಲಿ ಯಾರೂ ಕೈ ಹಾಕಬೇಡಿ, ಏಳುವ ಹೊಗೆ ಶ್ವಾಸಕೋಶ ಸುಡುತ್ತದೆ. ಆರಿದ ಮೇಲೆ ಬಹಳಷ್ಟು ನೀರಿಗೆ ನಿಧಾನವಾಗಿ ಸುರಿದು, 80 ಡಿಗ್ರಿಗೂ ಬಿಸಿಯಾದ ನೀರಿನಿಂದ ತೊಳೆಯುತ್ತಲೇ ಇರಬೇಕು. ತೊಳೆದ ನೀರಿಗೆ ಬೇರಿಯಂ ಕ್ಲೋರೈಡ್ ಹನಿಸಿದಾಗ ಬಿಳಿ ಕದಡು ಬರುವುದು ನಿಲ್ಲಬೇಕು.

ಬಳಸುವಾಗ ಎಣ್ಣೆಯ ಶೇ. 5-10ರಷ್ಟು, 65 ಡಿಗ್ರಿ, ನಾಲ್ಕರಿಂದ ಎಂಟು ತಾಸು. ಸಲ್ಫ್ಯೂರಿಕ್ ಆಮ್ಲದಷ್ಟು ವೇಗ ಇಲ್ಲ, ಆದರೆ ಸೋಸಿದರೆ ಹೊರಗೆ ಬರುತ್ತದೆ, ಎಣ್ಣೆಯಲ್ಲಿ ಉಳಿದ ಆಮ್ಲಕ್ಕೆ ಪೊಟ್ಯಾಶ್ ಸುರಿಯುವ ಗೋಜು ಕಡಿಮೆ. ಇದರ ಕಾಯಿಲೆ ಎಂದರೆ ಸುತ್ತಿನಿಂದ ಸುತ್ತಿಗೆ ಶಕ್ತಿ ಕುಂದುವುದು. ಆಮ್ಲದ ಗುಂಪುಗಳಿರುವ ಚಿಕ್ಕ ತುಣುಕುಗಳು ಮೆಥನಾಲಿನಲ್ಲಿ ಕರಗಿ ಹೊರಟುಹೋಗುತ್ತವೆ. ಆಗ ಕೆಲಸ ಮಾಡುತ್ತಿರುವುದು ಘನವೇ, ಕರಗಿದ ಆಮ್ಲವೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಕ್ರಿಯೆ ಅರ್ಧ ಆದಾಗ ಬಿಸಿಯಿರುವಂತೆಯೇ ಕ್ಯಾಟಲಿಸ್ಟನ್ನು ಸೋಸಿ ತೆಗೆದು, ದ್ರವವನ್ನು ಮಾತ್ರ ಅದೇ ಬಿಸಿಯಲ್ಲಿ ಮುಂದುವರಿಸಿ. ಎಫ್‌ಎಫ್‌ಎ ಇಳಿಯುತ್ತಲೇ ಇದ್ದರೆ ಆಮ್ಲ ಸೋರಿದೆ. ಇಲ್ಲಿಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುವವರು ಈ ಪರೀಕ್ಷೆಯನ್ನು ಬಿಡಲೇಬಾರದು ಎಂದು ಕೈಮುಗಿದು ಕೇಳುತ್ತೇವೆ.

ಮಾಡಿಕೊಳ್ಳುವ ಗೋಜು ಬೇಡವಾದರೆ ಆಂಬರ್‌ಲಿಸ್ಟ್ 15ರಂಥ ರೆಸಿನ್, ಅಂದರೆ ಆಮ್ಲದ ಗುಂಪುಗಳಿರುವ ಪ್ಲಾಸ್ಟಿಕ್ ಮಣಿಗಳು, ಸಿದ್ಧವಾಗಿಯೇ ಸಿಗುತ್ತದೆ. 120 ಡಿಗ್ರಿ ದಾಟಿಸಬಾರದು, ಅಂಟು ತೆಗೆಯದ ಎಣ್ಣೆ ಅದರ ರಂಧ್ರ ಮುಚ್ಚುತ್ತದೆ. ಲೈಪೇಸ್ ಕಿಣ್ವ ಹುಳಿಗೂ ಎಣ್ಣೆಗೂ ಒಟ್ಟಿಗೆ ಕೆಲಸ ಮಾಡುತ್ತದೆ, 30-45 ಡಿಗ್ರಿ ಸಾಕು. ಆದರೆ ಮೆಥನಾಲನ್ನು ಒಮ್ಮೆಲೇ ಸುರಿದರೆ ಅದು ಸಾಯುತ್ತದೆ, ಮೂರು ಕಂತಿನಲ್ಲಿ ಕೊಡಬೇಕು. ಬೆಲೆ ನೋಡಿದರೆ ಸಣ್ಣ ಘಟಕಕ್ಕೆ ಸದ್ಯ ದೂರದ ಮಾತು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯ ಕೇಳುವವರಿಗೆ: ಹೊಸದಾಗಿ ಶುರು ಮಾಡುವ ಘಟಕಕ್ಕೆ ಸಲ್ಫ್ಯೂರಿಕ್ ಆಮ್ಲ, ಪೊಟ್ಯಾಶ್ ಎರಡು ಹಂತದ ದಾರಿಯೇ ಇವತ್ತಿಗೆ ನಂಬಿಕೆಯದು. ಸುಣ್ಣ, ಸಿಪ್ಪೆಯ ಇದ್ದಿಲು ಎರಡರ ಮೇಲೂ ಇಲ್ಲಿಯ ಪ್ರಯೋಗಾಲಯಗಳು ಕೆಲಸ ಮಾಡಲೇಬೇಕು, ಆದರೆ ರೈತರ ದುಡ್ಡಿನ ಮೇಲೆ ಅಲ್ಲ.

ಮೆಥನಾಲಿನ ಬಗ್ಗೆ ಗಟ್ಟಿಯಾಗಿ ಹೇಳುತ್ತೇವೆ. ಅದು ವಿಷ, ಕಣ್ಣು ಕಳೆಯುತ್ತದೆ. ಚರ್ಮದಿಂದಲೂ ಒಳಗೆ ಹೋಗುತ್ತದೆ. ಅದರ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. 11 ಡಿಗ್ರಿಯಲ್ಲೇ ಕಿಡಿ ಹಿಡಿಯುವಷ್ಟು ಆವಿ ಏಳುತ್ತದೆ ಎಂದ ಮೇಲೆ ನಮ್ಮ ಮೇ ತಿಂಗಳ ಶೆಡ್ಡು ಎಂಥದ್ದೆಂದು ನೀವೇ ಯೋಚಿಸಿ. ತೆರೆದ ಒಲೆ ಬೇಡ, ಬಿಸಿನೀರಿನ ಜಾಕೆಟ್ ಬಳಸಿ. ಸಂಗ್ರಹಕ್ಕೆ ಪರವಾನಗಿಯ ನಿಯಮಗಳಿವೆ, ಡ್ರಮ್ಮು ತರುವ ಮುಂಚೆ ವಿಚಾರಿಸಿ.

ಸೋಡಾ ಅಗ್ಗವಾಗಿರುವಾಗ ಪೊಟ್ಯಾಶ್ ಏಕೆ ಎಂದು ಕೇಳಬಹುದು. ಕಾರಣ ತಳದ ಗ್ಲಿಸರಿನ್ ಪದರದಲ್ಲಿದೆ. ಮೊದಲು ಅದರಿಂದ ಮೆಥನಾಲನ್ನು ಪೂರ್ತಿ ಬಟ್ಟಿ ಇಳಿಸಿ ತೆಗೆದು, ಫಾಸ್ಫೋರಿಕ್ ಆಮ್ಲ ಹಾಕಿ ತಟಸ್ಥ ಮಾಡಿದರೆ ಸೋಪು ಮತ್ತೆ ಕೊಬ್ಬಿನಾಮ್ಲವಾಗಿ ಮೇಲೆ ತೇಲುತ್ತದೆ. ಅದನ್ನು ಆಮ್ಲದ ಹಂತಕ್ಕೆ ವಾಪಸು ಸೇರಿಸಬಹುದು. ತಳದಲ್ಲಿ ಪೊಟ್ಯಾಶಿಯಂ ಫಾಸ್ಫೇಟ್ ಉಪ್ಪಾಗಿ ಕೂರುತ್ತದೆ. ಸೋಸಿ, ತೊಳೆದು ಒಣಗಿಸಿದರೆ ಪೊಟ್ಯಾಶ್, ರಂಜಕ ಎರಡೂ ಇರುವ ಗೊಬ್ಬರ. ಸೋಡಾ ಬಳಸಿದರೆ ಸಿಗುವುದು ಸೋಡಿಯಂ ಉಪ್ಪು. ಘಟಪ್ರಭಾ, ಮಲಪ್ರಭಾ ಕಾಲುವೆಗಳ ಕೆಳಗೆ ಸವುಳು ಏರುತ್ತಿರುವ ಕಪ್ಪು ಹೊಲಗಳಿಗೆ ಇನ್ನಷ್ಟು ಸೋಡಿಯಂ ಸುರಿಯುವುದು ಯಾರಿಗೂ ಬೇಡ.